ಮಿಲ್ಲು ಮುಚ್ಚಿದರೂ ಮುಚ್ಚದ ದಾರಿ

ಜವಳಿ ಕ್ಷೇತ್ರದ ಉನ್ನತ ಶಿಕ್ಷಣದ ಬಗ್ಗೆ ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದಿಷ್ಟು ಮಾಹಿತಿ, ಒಂದಿಷ್ಟು ಕಿವಿಮಾತು

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮಾರನೆಯ ದಿನ ದೇವರಾಯನದುರ್ಗದ ಸುತ್ತಲ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಎರಡೇ ಮಾತು ಕೇಳಿಬರುತ್ತವೆ. ಒಂದು ಡಾಕ್ಟರು, ಇನ್ನೊಂದು ಕಂಪ್ಯೂಟರು. ಇವೆರಡಕ್ಕೂ ಅಂಕ ಸಾಲದ ಮಕ್ಕಳ ಮನೆಯಲ್ಲಿ ಸೂತಕದ ವಾತಾವರಣ. ಇಂಥ ಹೊತ್ತಿನಲ್ಲಿ ಯಾರಾದರೂ 'ಟೆಕ್ಸ್‌ಟೈಲ್ ಇಂಜಿನಿಯರಿಂಗ್ ನೋಡಬಹುದಲ್ಲ' ಎಂದರೆ ಹಿರಿಯರಿಂದ ಬರುವ ಉತ್ತರವೂ ಎರಡೇ ಬಗೆ. 'ಮಿಲ್ಲುಗಳೆಲ್ಲ ಮುಚ್ಚಿಹೋದವಲ್ಲ ಸಾರ್, ಇನ್ನೆಲ್ಲಿಯ ಕೆಲಸ?' ಎಂಬುದು ತಂದೆಯ ಮಾತು. 'ಇಷ್ಟು ಓದಿಸಿ ಗಾರ್ಮೆಂಟ್ಸಿಗೆ ಕಳಿಸೋದೇ?' ಎಂಬುದು ತಾಯಿಯ ಮಾತು.

ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಆದರೆ ಮಕ್ಕಳ ಭವಿಷ್ಯವನ್ನು ಅರ್ಧ ಸತ್ಯದ ಮೇಲೆ ನಿರ್ಧರಿಸಲಾಗದು. ಆದ್ದರಿಂದ ಉಳಿದರ್ಧವನ್ನೂ ನೋಡೋಣ.

ಮುಚ್ಚಿದ್ದು ಯಾವುದು, ಉಳಿದದ್ದು ಯಾವುದು?

ಹಳಬರ ನೆನಪು ಸುಳ್ಳಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ದಾವಣಗೆರೆಯ ಸಾಲು ಸಾಲು ಹತ್ತಿ ಗಿರಣಿಗಳು ಒಂದು ಕಾಲಕ್ಕೆ ಸಾವಿರಾರು ಮನೆಗಳ ಒಲೆ ಉರಿಸಿದವು. 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು ದಾವಣಗೆರೆಗೆ ಬಂದದ್ದು ಈ ಗಿರಣಿಗಳಿಂದಲೇ. 1982ರ ಜನವರಿಯಲ್ಲಿ ಮುಂಬೈಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರದ ನಂತರ ದೇಶದ ದೊಡ್ಡ ಮಿಲ್ಲುಗಳ ಕಾಲ ಮುಗಿಯುತ್ತ ಬಂತು. ಹಳೆಯ ಯಂತ್ರಗಳು, ಊರ ನಡುವಿನ ದುಬಾರಿ ಜಾಗ, ಅಗ್ಗದ ವಿದ್ಯುತ್ ಮಗ್ಗಗಳ ಪೈಪೋಟಿ ಇವೆಲ್ಲ ಸೇರಿ ನೂಲುವುದು, ನೇಯುವುದು, ಬಣ್ಣ ಹಾಕುವುದು ಎಲ್ಲವನ್ನೂ ಒಂದೇ ಆವರಣದಲ್ಲಿ ಮಾಡುತ್ತಿದ್ದ ಆ ಬಗೆಯ ಗಿರಣಿ ನೆಲಕಚ್ಚಿತು.

ಆದರೆ ಗಿರಣಿ ಮುಚ್ಚಿತೆಂದು ಜನ ಬಟ್ಟೆ ಉಡುವುದನ್ನು ಬಿಡಲಿಲ್ಲ. ಕೆಲಸ ಬೇರೆ ಬೇರೆ ಊರುಗಳಿಗೆ ಹಂಚಿಹೋಯಿತು, ಅಷ್ಟೆ. ನೂಲು ಕೊಯಮತ್ತೂರಿನ ಕಡೆ, ಹೆಣೆದ ಬನಿಯನ್ ಬಟ್ಟೆ ತಿರುಪ್ಪೂರಿನಲ್ಲಿ, ವಿದ್ಯುತ್ ಮಗ್ಗ ಇಚಲಕರಂಜಿ ಮತ್ತು ಭಿವಂಡಿಯಲ್ಲಿ, ಪಾಲಿಯೆಸ್ಟರ್ ಸೀರೆ ಸೂರತ್ತಿನಲ್ಲಿ, ಸಿದ್ಧ ಉಡುಪು ಬೆಂಗಳೂರು ಮತ್ತು ಅದರ ಸುತ್ತಮುತ್ತ. 2005ರ ಜನವರಿ 1ರಂದು ಅಂತರರಾಷ್ಟ್ರೀಯ ಜವಳಿ ವ್ಯಾಪಾರದ ಕೋಟಾ ಪದ್ಧತಿ ಕೊನೆಗೊಂಡ ಮೇಲೆ ಹೊರದೇಶದ ಗಿರಾಕಿಯ ಅಳತೆಗೋಲಿಗೆ ಸರಿಹೊಂದುವ ಗುಣಮಟ್ಟ ಅನಿವಾರ್ಯವಾಯಿತು. ಈ ಉದ್ಯಮ ನೇರವಾಗಿ ಸುಮಾರು 4.5 ಕೋಟಿ ಜನರಿಗೆ ಕೆಲಸ ಕೊಟ್ಟಿದೆಯೆಂದು ಕೇಂದ್ರ ಜವಳಿ ಸಚಿವಾಲಯ ಹೇಳುತ್ತದೆ. ಇಷ್ಟು ಜನ ದುಡಿಯುವ ಕಡೆ ನೂಲು, ಬಣ್ಣ, ಯಂತ್ರ, ಗುಣಮಟ್ಟಗಳನ್ನು ಬಲ್ಲ ತಜ್ಞರೂ ಬೇಕಲ್ಲವೇ? ಜವಳಿ ಶಿಕ್ಷಣ ಸಿದ್ಧಪಡಿಸುವುದು ಅಂಥವರನ್ನು.

ಅಂಗಿಯೊಳಗಿನ ವಿಜ್ಞಾನ

ಇದು ಹೊಲಿಗೆ ಕಲಿಯುವ ಕೋರ್ಸ್ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ವಾಸ್ತವವಾಗಿ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಇಷ್ಟು ನೇರವಾಗಿ ಬಳಕೆಗೆ ಬರುವ ವೃತ್ತಿಗಳು ಕಡಿಮೆ. ಕೆಲವು ಉದಾಹರಣೆ ನೋಡಿ.

ಹತ್ತಿಯ ಒಂದು ನಾರಿನ ಉದ್ದ ಸುಮಾರು 28 ಮಿಲಿಮೀಟರ್. ಅಂಥ ತುಂಡು ನಾರುಗಳಿಂದ ಕಿಲೋಮೀಟರುಗಟ್ಟಲೆ ನೂಲು ಹೇಗೆ ಬಂತು? ಅಂಟು ಹಾಕಿಲ್ಲ, ಗಂಟು ಕಟ್ಟಿಲ್ಲ. ಹುರಿ ಕೊಟ್ಟಾಗ ನಾರುಗಳು ಒಂದನ್ನೊಂದು ಒತ್ತುತ್ತವೆ, ಒತ್ತಿದಾಗ ಘರ್ಷಣೆ ಹೆಚ್ಚುತ್ತದೆ, ಆ ಘರ್ಷಣೆಯೇ ನೂಲನ್ನು ಹಿಡಿದಿಡುತ್ತದೆ. ಹುರಿ ಹೆಚ್ಚಿದಂತೆ ಬಲ ಹೆಚ್ಚುತ್ತದೆ. ಆದರೆ ಒಂದು ಮಿತಿ ದಾಟಿದರೆ ಅದೇ ಹುರಿಯಿಂದ ನೂಲು ದುರ್ಬಲವಾಗುತ್ತದೆ. ಆ ಮಿತಿ ಎಲ್ಲಿದೆ ಎಂದು ಲೆಕ್ಕ ಹಾಕುವುದು ಸ್ಪಿನ್ನಿಂಗ್ ಇಂಜಿನಿಯರನ ಕೆಲಸ.

'ನಲವತ್ತನೇ ನಂಬರ್ ನೂಲು' ಎನ್ನುತ್ತಾರಲ್ಲ, ಅದರ ಅರ್ಥವೇನು? ಒಂದು ಪೌಂಡು ತೂಕದ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಎಂಬುದೇ ಹತ್ತಿನೂಲಿನ ನಂಬರು. ನಲವತ್ತನೇ ನಂಬರಿನಲ್ಲಿ 40 ಲಡಿ, ಅಂದರೆ 33,600 ಗಜ. ಮೀಟರಿಗೆ ತಂದರೆ ಸುಮಾರು 30.7 ಕಿಲೋಮೀಟರ್. ಅರ್ಧ ಕಿಲೋಗೂ ಕಡಿಮೆ ತೂಕದ ನೂಲನ್ನು ತುಮಕೂರಿನಲ್ಲಿ ಹಿಡಿದು ಎಳೆದರೆ ಗುಬ್ಬಿ ದಾಟಿಯೂ ಮಿಕ್ಕೀತು! ರೇಷ್ಮೆಗೆ ಅಳತೆ ಬೇರೆ. 9,000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡೆನಿಯರ್. ಹತ್ತಿಯಲ್ಲಿ ನಂಬರು ಏರಿದಂತೆ ನೂಲು ಸಣ್ಣ, ರೇಷ್ಮೆಯಲ್ಲಿ ಡೆನಿಯರ್ ಏರಿದಂತೆ ಎಳೆ ದಪ್ಪ. ವಿಲೋಮಾನುಪಾತ, ನೇರಾನುಪಾತಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇನ್ನು ತೇವಾಂಶ. ನಾರುಗಳು ಗಾಳಿಯ ತೇವವನ್ನು ಹೀರುತ್ತವೆ. ವ್ಯಾಪಾರದಲ್ಲಿ ಒಪ್ಪಿರುವ ಪ್ರಮಾಣ ಪೂರ್ತಿ ಒಣಗಿದ ತೂಕದ ಮೇಲೆ ಹತ್ತಿಗೆ ಶೇ. 8.5, ರೇಷ್ಮೆಗೆ ಶೇ. 11, ಪಾಲಿಯೆಸ್ಟರಿಗೆ ಕೇವಲ ಶೇ. 0.4. ಬೇಸಿಗೆಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟರೆ ಮೈ ಬೇಯುವುದೇಕೆ ಎಂಬುದಕ್ಕೆ ಉತ್ತರ ಈ ಅಂಕಿಯಲ್ಲಿಯೇ ಇದೆ. ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. 1,000 ಕಿಲೋ ಎಂದು ಕೊಂಡ ಹತ್ತಿನೂಲು ಒಲೆಯಲ್ಲಿ ಪೂರ್ತಿ ಒಣಗಿಸಿದಾಗ 900 ಕಿಲೋ ಲೆಕ್ಕಕ್ಕೆ ಬಂತೆನ್ನಿ. ಅದಕ್ಕೆ ಶೇ. 8.5 ಸೇರಿಸಿದರೆ ನ್ಯಾಯವಾದ ತೂಕ 976.5 ಕಿಲೋ. ಉಳಿದ 23.5 ಕಿಲೋ ಬರೀ ನೀರು. ನೂಲಿನ ದರದಲ್ಲಿ ನೀರು ಕೊಂಡ ಹಾಗಾಯಿತು. ಪ್ರಯೋಗಾಲಯದಲ್ಲಿ ಈ ಪರೀಕ್ಷೆ ಮಾಡಿ ತಿಳಿಸುವವನ ಸಂಬಳ ಅಲ್ಲಿಗೇ ಹುಟ್ಟಿತು.

ರಸಾಯನಶಾಸ್ತ್ರದ ಪಾಲು ಇನ್ನೂ ದೊಡ್ಡದು. ಕಚ್ಚಾ ರೇಷ್ಮೆಯಲ್ಲಿ ಫೈಬ್ರೊಯಿನ್ ಎಂಬ ಪ್ರೋಟೀನ್ ಎಳೆಗೆ ಸೆರಿಸಿನ್ ಎಂಬ ಗೋಂದು ಸುತ್ತಿಕೊಂಡಿರುತ್ತದೆ. ಸಾಬೂನು ನೀರಿನಲ್ಲಿ ಕುದಿಸಿ ಆ ಗೋಂದು ತೆಗೆದರೆ ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ, ಹೊಳಪು ಬರುತ್ತದೆ. ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣಗಳು ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಅವು ಸೆಲ್ಯುಲೋಸ್ ಅಣುವಿನೊಡನೆ ಸಹವೇಲೆನ್ಸಿ ಬಂಧ ಬೆಳೆಸುವುದರಿಂದಲೇ ಒಗೆದರೂ ಬಿಡುವುದಿಲ್ಲ. ಪಾಲಿಯೆಸ್ಟರಿಗೆ ಆ ಬಣ್ಣ ಹಿಡಿಯದು. ಅದಕ್ಕೆ ಬೇರೆಯ ಬಣ್ಣ, ಸುಮಾರು 130 ಡಿಗ್ರಿ ಸೆಲ್ಸಿಯಸ್ ಶಾಖ, ಜೊತೆಗೆ ಒತ್ತಡ ಬೇಕು. ಪ್ರೆಶರ್ ಕುಕ್ಕರಿನ ತತ್ವವೇ ಇಲ್ಲಿಯೂ ನಡೆಯುತ್ತದೆ.

ಮನೆಯಲ್ಲೇ ಹಿರಿಯರ ಎದುರಿಗೆ ಒಂದು ಸಣ್ಣ ಪ್ರಯೋಗ ಮಾಡಿನೋಡಬಹುದು. ಹತ್ತಿಯ ಎಳೆಯೊಂದನ್ನು ಇಕ್ಕಳದಲ್ಲಿ ಹಿಡಿದು ಸುಟ್ಟರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆಯ ಎಳೆಗೆ ಕೂದಲು ಸುಟ್ಟ ವಾಸನೆ, ಏಕೆಂದರೆ ಎರಡೂ ಪ್ರೋಟೀನು. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. 'ಅಪ್ಪಟ ರೇಷ್ಮೆ' ಎಂದು ಮಾರಿದ ಸೀರೆಯ ಬಣ್ಣ ಬಯಲಾಗುವುದು ಹೀಗೆಯೇ.

ಭೌತವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರ ಹೆಸರು ಕೇಳದ ವಿದ್ಯಾರ್ಥಿ ಇಲ್ಲ. ಆದರೆ ರಾಕೆಟ್ಟುಗಳಿಗೆ ಕೈ ಹಾಕುವ ಮುನ್ನ, 1947ರಲ್ಲಿ, ಅವರು ಅಹಮದಾಬಾದಿನ ಜವಳಿ ಸಂಶೋಧನಾ ಸಂಘ 'ಅಟಿರಾ'ವನ್ನು ಕಟ್ಟಿ ಅದರ ಹೊಣೆ ಹೊತ್ತಿದ್ದರೆಂಬುದು ಬಹಳ ಜನಕ್ಕೆ ತಿಳಿಯದು. ಮುಂಬೈಯ 'ಬಿಟ್ರಾ', ಕೊಯಮತ್ತೂರಿನ 'ಸಿಟ್ರಾ', ಗಾಜಿಯಾಬಾದಿನ 'ನಿಟ್ರಾ' ಇವೆಲ್ಲ ಅದೇ ಹಾದಿಯಲ್ಲಿ ಆಮೇಲೆ ಹುಟ್ಟಿದವು.

ಎಸ್.ಎಸ್.ಎಲ್.ಸಿ. ನಂತರ

ಬೇಗ ಕೆಲಸಕ್ಕೆ ಸೇರಬೇಕಾದ ಮನೆಯ ಮಕ್ಕಳಿಗೆ ಡಿಪ್ಲೊಮಾ ಒಳ್ಳೆಯ ದಾರಿ. ಗದಗದಲ್ಲಿರುವ ಕರ್ನಾಟಕ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಲ್ಲಿ ಕೈಮಗ್ಗ ಮತ್ತು ಜವಳಿ ತಂತ್ರಜ್ಞಾನದ ಮೂರು ವರ್ಷದ ಡಿಪ್ಲೊಮಾ ಇದೆ. ಇದೇ ಓದು ಕೇಂದ್ರ ಸರ್ಕಾರದ ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಗಳಲ್ಲಿಯೂ ಲಭ್ಯ. ಅವುಗಳಲ್ಲಿ ನಮಗೆ ಹತ್ತಿರದ್ದು 1960ರಲ್ಲಿ ಆರಂಭವಾದ ಸೇಲಂ ಸಂಸ್ಥೆ. ನೇಕಾರ ಕುಟುಂಬದ ಮಕ್ಕಳಿಗೆ ಪ್ರವೇಶದಲ್ಲಿ ಆದ್ಯತೆ ಉಂಟು. ನಮ್ಮ ಜಿಲ್ಲೆಯ ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿವೆ. ಅಂಥ ಮನೆಯ ಮಗುವಿಗೆ ಹಾಸು, ಹೊಕ್ಕು, ಲಾಳಿ ಇವೆಲ್ಲ ಹುಟ್ಟಿನಿಂದ ಗೊತ್ತು. ಅದಕ್ಕೆ ಲೆಕ್ಕ, ವಿನ್ಯಾಸ, ಮಾರುಕಟ್ಟೆಯ ತಿಳಿವಳಿಕೆ ಸೇರಿದರೆ ಕೂಲಿ ಮಗ್ಗದಿಂದ ಸ್ವಂತ ಮಗ್ಗಕ್ಕೆ ಏರುವ ದಾರಿ ಕಾಣುತ್ತದೆ.

ಡಿಪ್ಲೊಮಾ ಮುಗಿಸಿದ ಮೇಲೆ ಓದು ನಿಲ್ಲಿಸಬೇಕೆಂದೇನೂ ಇಲ್ಲ. ಮಾನ್ಯತೆ ಪಡೆದ ಡಿಪ್ಲೊಮಾ ಇದ್ದವರು ಡಿಪ್ಲೊಮಾ ಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರ ಸೇರಬಹುದು. ತಮ್ಮ ಡಿಪ್ಲೊಮಾ ಇದಕ್ಕೆ ಸಲ್ಲುವುದೇ ಎಂಬುದನ್ನು ಮಾತ್ರ ಸೇರುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು.

ಪಿ.ಯು.ಸಿ. ವಿಜ್ಞಾನದ ನಂತರ

ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಜವಳಿ ವಿಭಾಗವಿಲ್ಲ. ಆದರೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ, ಬೆಂಗಳೂರಿನ ಕೆ.ಆರ್. ವೃತ್ತದ ಬಳಿ, ಶ್ರೀ ಕೃಷ್ಣರಾಜೇಂದ್ರ ಸಿಲ್ವರ್ ಜ್ಯೂಬಿಲಿ ತಾಂತ್ರಿಕ ಸಂಸ್ಥೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1938ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಸಂಸ್ಥೆ ಮೊದಲಿನಿಂದಲೂ ಜವಳಿ ವಿದ್ಯೆಗೆ ಹೆಸರಾದದ್ದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಇಲ್ಲಿ ಜವಳಿ ತಂತ್ರಜ್ಞಾನದ ನಾಲ್ಕು ವರ್ಷದ ಬಿ.ಇ. ಇದೆ. ಪ್ರವೇಶ ಸಿಇಟಿ ಮೂಲಕ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ. 40 ಅಂಕ ಇರಬೇಕು. ಸರ್ಕಾರಿ ಕಾಲೇಜಾದ್ದರಿಂದ ಶುಲ್ಕ ಖಾಸಗಿ ಕಾಲೇಜುಗಳಿಗಿಂತ ಬಹಳ ಕಡಿಮೆ. ಕಂಪ್ಯೂಟರ್ ವಿಭಾಗದಷ್ಟು ನೂಕುನುಗ್ಗಲು ಇಲ್ಲದ್ದರಿಂದ ಸಾಧಾರಣ ರ‍್ಯಾಂಕಿನವರಿಗೂ ಸೀಟು ಸಿಗುವ ಸಾಧ್ಯತೆ ಹೆಚ್ಚು. ತುಮಕೂರಿನಿಂದ ದಿನವೂ ರೈಲಿನಲ್ಲಿ ಓಡಾಡಿಕೊಂಡು ಓದಲೂಬಹುದು.

ಗಡಿಯಾಚೆ ನೋಡುವುದಾದರೆ ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡಿರುವ ಇಚಲಕರಂಜಿಯಲ್ಲಿ 1982ರಲ್ಲಿ ಆರಂಭವಾದ ಡಿ.ಕೆ.ಟಿ.ಇ. ಸಂಸ್ಥೆ ಇದೆ. ಕೊಯಮತ್ತೂರಿನ ಪಿ.ಎಸ್.ಜಿ. ತಂತ್ರಜ್ಞಾನ ಕಾಲೇಜು, ಮುಂಬೈಯ ವಿ.ಜೆ.ಟಿ.ಐ. ಹಳೆಯ ಹೆಸರುಗಳು. ಜೆಇಇಯಲ್ಲಿ ಒಳ್ಳೆಯ ರ‍್ಯಾಂಕು ಬಂದವರಿಗೆ ದೆಹಲಿ ಐಐಟಿಯಲ್ಲಿಯೇ ಜವಳಿ ಮತ್ತು ನಾರು ಇಂಜಿನಿಯರಿಂಗ್ ವಿಭಾಗವಿದೆ. ಬಿ.ಇ. ನಂತರ ಎಂ.ಟೆಕ್. ಮಾಡುವವರಿಗೆ ಗೇಟ್ ಪರೀಕ್ಷೆಯಲ್ಲಿ ಜವಳಿಗೆಂದೇ ಪ್ರತ್ಯೇಕ ಪತ್ರಿಕೆ ಉಂಟು.

ಚಿತ್ರ ಬರೆಯುವ ಕೈಗೆ

ವಿಜ್ಞಾನ ಓದದವರಿಗೆ ಬಾಗಿಲು ಮುಚ್ಚಿಲ್ಲ. 1986ರಲ್ಲಿ ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ 'ನಿಫ್ಟ್', ಬೆಂಗಳೂರಿಗೆ ಬಂದದ್ದು 1997ರಲ್ಲಿ. ಜವಳಿ ವಿನ್ಯಾಸ, ಫ್ಯಾಷನ್ ವಿನ್ಯಾಸ, ಹೆಣೆದ ಉಡುಪಿನ ವಿನ್ಯಾಸ ಮೊದಲಾದ ಬಿ.ಡಿಸೈನ್ ಪದವಿಗಳಿಗೆ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಅರ್ಹರು. ಉಡುಪು ತಯಾರಿಕೆಯ ಬಿ.ಎಫ್.ಟೆಕ್. ಪದವಿಗೆ ಮಾತ್ರ ಗಣಿತ ಓದಿರಬೇಕು. ಪ್ರವೇಶ ಪರೀಕ್ಷೆಯಲ್ಲಿ ಅಂಕಕ್ಕಿಂತ ಗಮನಿಸುವ ಕಣ್ಣಿಗೆ, ಕೈಯ ಚಳಕಕ್ಕೆ ಬೆಲೆ. ಕೊಟ್ಟ ಸಾಮಗ್ರಿಯಿಂದ ಕುಳಿತಲ್ಲೇ ಒಂದು ವಸ್ತು ರೂಪಿಸುವ ಪರೀಕ್ಷೆಯೂ ಇರುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಿಂದ ಇದೆ. ಅಲ್ಲಿಯೂ ಜವಳಿ ವಿನ್ಯಾಸ ಕಲಿಸುತ್ತಾರೆ. ಆದರೆ ಈ ಸಂಸ್ಥೆಗಳ ಶುಲ್ಕ ಲಕ್ಷಗಳ ಲೆಕ್ಕದಲ್ಲಿದೆ. ಸಾಲ, ವಿದ್ಯಾರ್ಥಿವೇತನಗಳ ವಿಚಾರ ಮೊದಲೇ ತಿಳಿದುಕೊಂಡು ಹೆಜ್ಜೆ ಇಡುವುದು ಜಾಣತನ.

ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ವೈಭವ ಕಂಡ ಸೀಮೆ ನಮ್ಮದು. ವೇಷಭೂಷಣಕ್ಕೆ ಎಷ್ಟು ಬೆಲೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 'ಗಾಂಧಿ' ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಆಸ್ಕರ್ ಪ್ರಶಸ್ತಿ ಹಂಚಿಕೊಂಡ ಭಾನು ಅಥೈಯಾ ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು. ಅವರು ಹುಟ್ಟಿದ್ದು ನಮ್ಮ ಗಡಿಯಾಚೆಯ ಕೊಲ್ಹಾಪುರದಲ್ಲಿ.

ಹೆಣ್ಣುಮಕ್ಕಳು ಹೆಚ್ಚಾಗಿ ಆರಿಸಿಕೊಳ್ಳುವ ಇನ್ನೊಂದು ದಾರಿ ಗೃಹವಿಜ್ಞಾನದ್ದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ಜವಳಿ ಮತ್ತು ಉಡುಪು ವಿನ್ಯಾಸದ ವಿಭಾಗವೇ ಇದೆ. ಅಲ್ಲಿ ಸ್ನಾತಕೋತ್ತರ ಅಧ್ಯಯನ, ಸಂಶೋಧನೆಗಳಿಗೂ ಅವಕಾಶವಿದೆ.

ಕುಣಿಗಲ್ಲಿನ ಗೂಡು

ರೇಷ್ಮೆಯ ಮಾತಿಲ್ಲದೆ ನಮ್ಮ ಜಿಲ್ಲೆಯ ಜವಳಿ ಲೇಖನ ಪೂರ್ತಿಯಾಗದು. ಕುಣಿಗಲ್, ಮಾಗಡಿ ಸೀಮೆ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಪ್ರದೇಶ. ಇಲ್ಲಿಯ ಹಳದಿ ಗೂಡಿನ ಚಿಟ್ಟೆಯನ್ನು ಬಿಳಿ ಗೂಡಿನ ದ್ವಿತಳಿ ಚಿಟ್ಟೆಯೊಡನೆ ಕೂಡಿಸಿದರೆ ರೈತರು ಸಾಕುವ ಮಿಶ್ರತಳಿಯ ಮೊಟ್ಟೆ ಸಿಗುತ್ತದೆ. ಮೆಂಡಲನ ತಳಿಶಾಸ್ತ್ರ ಪಠ್ಯಪುಸ್ತಕದಿಂದ ಇಳಿದು ಚಂದ್ರಿಕೆಯ ಮೇಲೆ ಕೂತಂತೆ! ಮೈಸೂರು ತಳಿಯ ಗೂಡಿನಲ್ಲಿ ಎಳೆ ಸುಮಾರು 300ರಿಂದ 400 ಮೀಟರ್ ಇದ್ದರೆ, ಒಳ್ಳೆಯ ದ್ವಿತಳಿ ಗೂಡಿನಲ್ಲಿ 1,000 ಮೀಟರಿನಷ್ಟು ಸಿಗುತ್ತದೆ. ಅಂಥ ಏಳೆಂಟು ಗೂಡುಗಳ ಎಳೆ ಕೂಡಿಸಿ ಬಿಚ್ಚಿದಾಗ ಒಂದು ನೂಲು.

ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿ ಇರುವುದು ಬೆಂಗಳೂರಿನಲ್ಲಿ. ಅದರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಅಲ್ಲೇ. ಮೈಸೂರಿನಲ್ಲಿ 1961ರಿಂದ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಪದವಿ ಇದೆ. ಇದಕ್ಕೂ ಸಿಇಟಿಯೇ ದಾರಿ. ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳೂ, ಅವರಿಗೆಂದೇ ಕೃಷಿ ಪ್ರಾಯೋಗಿಕ ಪರೀಕ್ಷೆಯೂ ಇವೆ. ಹಿಪ್ಪುನೇರಳೆ ತೋಟವಿರುವ ಕುಣಿಗಲ್ಲಿನ ಮನೆಯ ಮಗುವಿಗೆ ಇದಕ್ಕಿಂತ ಹತ್ತಿರದ ಓದು ಯಾವುದು? ಮೈಸೂರು ವಿಶ್ವವಿದ್ಯಾಲಯದಲ್ಲಿ ರೇಷ್ಮೆ ವಿಜ್ಞಾನದ ಎಂ.ಎಸ್ಸಿ. ಕೂಡ ಲಭ್ಯ.

ರೇಷ್ಮೆಯ ಕೊನೆಯ ಹಂತವನ್ನು ಕಣ್ಣಾರೆ ಕಾಣಬೇಕಾದರೆ ಮಕ್ಕಳನ್ನು ಒಮ್ಮೆ ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಕರೆದೊಯ್ಯಿರಿ. 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ ಆರಂಭವಾದ ಈ ಕಾರ್ಖಾನೆ 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಮಿಲ್ಲುಗಳು ಮುಚ್ಚಿದ ಕಾಲದಲ್ಲೂ ಅದರ ಸೀರೆಗೆ ಗಿರಾಕಿಗಳು ಸಾಲು ನಿಲ್ಲುತ್ತಾರೆ. ಗುಣಮಟ್ಟದ ಮೇಲೆ ನಿಂತ ಹೆಸರು ಸುಲಭಕ್ಕೆ ಅಳಿಯದು ಎಂಬುದಕ್ಕೆ ಅದೇ ಸಾಕ್ಷಿ.

ಕೆಲಸ ಎಲ್ಲಿ?

ನೂಲಿನ ಗಿರಣಿ, ನೇಯ್ಗೆ, ಬಣ್ಣದ ಘಟಕ, ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಉತ್ಪಾದನೆ ಮತ್ತು ಗುಣಮಟ್ಟದ ಹುದ್ದೆಗಳು ಮೊದಲನೆಯವು. ಹೊರದೇಶದ ಕಂಪನಿಗಳ ಪರವಾಗಿ ಬಟ್ಟೆ ಕೊಳ್ಳುವ ಬೆಂಗಳೂರಿನ ಕಚೇರಿಗಳಲ್ಲಿ ಮರ್ಚಂಡೈಸರ್ ಹುದ್ದೆಗಳು ಎರಡನೆಯವು. ಪರೀಕ್ಷಾ ಪ್ರಯೋಗಾಲಯಗಳು ಮೂರನೆಯವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಿಸುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಕೆಲಸವನ್ನೇ ನೋಡಿ. ನೂಲಿನ ಎಳೆಗಳ ಎಣಿಕೆ, ಬಟ್ಟೆಯ ಬಲ, ಬಣ್ಣದ ಛಾಯೆ, ಒಗೆದಾಗ ಬಣ್ಣ ಬಿಡುವುದೇ ಎಂಬುದೆಲ್ಲ ಭಾರತೀಯ ಮಾನಕ ಬ್ಯೂರೋದ ನಿಯಮಕ್ಕೆ ಒಪ್ಪಬೇಕು. ಗಾಳಿಯಲ್ಲಿ ಹಾರುವ ಬಾವುಟದ ಹಿಂದೆಯೂ ಒಂದು ಪ್ರಯೋಗಾಲಯವಿದೆ.

ಹೊಸದಾಗಿ ಬೆಳೆಯುತ್ತಿರುವುದು ತಾಂತ್ರಿಕ ಜವಳಿ. ಶಸ್ತ್ರಚಿಕಿತ್ಸೆಯ ದಾರ, ಬ್ಯಾಂಡೇಜು, ವಾಹನದ ಸೀಟ್ ಬೆಲ್ಟು, ಅಗ್ನಿಶಾಮಕನ ಉಡುಪು, ರಸ್ತೆಯ ಕೆಳಗೆ ಹಾಸುವ ಬಟ್ಟೆ, ತೋಟದ ನೆರಳುಪರದೆ ಎಲ್ಲ ಇದರಲ್ಲಿ ಸೇರುತ್ತವೆ. ಕೇಂದ್ರ ಸರ್ಕಾರ 2020ರಲ್ಲಿ 1,480 ಕೋಟಿ ರೂಪಾಯಿಯ ರಾಷ್ಟ್ರೀಯ ತಾಂತ್ರಿಕ ಜವಳಿ ಮಿಷನ್ ಘೋಷಿಸಿತು. 2023ರ ಮಾರ್ಚಿನಲ್ಲಿ ದೇಶದ ಏಳು ಕಡೆ ಬೃಹತ್ ಜವಳಿ ಪಾರ್ಕುಗಳನ್ನು ಪ್ರಕಟಿಸಿದಾಗ ಅದರಲ್ಲಿ ನಮ್ಮ ಕಲಬುರಗಿಯೂ ಸೇರಿತ್ತು.

ಕಷ್ಟಗಳನ್ನೂ ತಿಳಿದಿರಿ

ಬರೀ ಹೊಗಳಿದರೆ ಅದು ಜಾಹೀರಾತಾದೀತು. ಈ ವೃತ್ತಿಯ ಆರಂಭದ ಸಂಬಳ ಸಾಫ್ಟ್‌ವೇರಿನವರ ಸಂಬಳಕ್ಕೆ ಸಾಟಿಯಲ್ಲ. ಗಿರಣಿ ಹಗಲು ರಾತ್ರಿ ನಡೆಯುವುದರಿಂದ ಪಾಳಿ ತಪ್ಪದು. ಸದ್ದು, ಹತ್ತಿಯ ದೂಳು, ಬಣ್ಣದ ಮನೆಯ ಶಾಖ ಸಹಿಸಬೇಕು. ಮೊದಲ ಕೆಲಸ ತಿರುಪ್ಪೂರಿನಲ್ಲೋ ಸೂರತ್ತಿನಲ್ಲೋ ಸಿಗಬಹುದು. ಊರು ಬಿಡಲು ಮನಸ್ಸಿಲ್ಲದವರು ಇದನ್ನು ಆಯ್ದುಕೊಳ್ಳದಿರುವುದೇ ಒಳಿತು. ನಾಲ್ಕೈದು ವರ್ಷ ಯಂತ್ರದ ಪಕ್ಕ ನಿಂತು ಕಲಿತವನಿಗೆ ಮಾತ್ರ ಮೇಲಿನ ಮೆಟ್ಟಿಲು ಸಿಗುತ್ತದೆ.

ನೀರಿನ ಪ್ರಶ್ನೆಯೂ ಇದೆ. 2011ರ ಜನವರಿಯಲ್ಲಿ ನೊಯ್ಯಲ್ ನದಿ ಕೆಟ್ಟ ಕಾರಣಕ್ಕೆ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚುವಂತೆ ಮದ್ರಾಸ್ ಹೈಕೋರ್ಟ್ ಆದೇಶಿಸಿತು. ಬಳಸಿದ ನೀರನ್ನು ಹೊರಬಿಡದೆ ಶುದ್ಧಮಾಡಿ ಮತ್ತೆ ಬಳಸುವ ವಿಧಾನ ಅಲ್ಲಿ ಬೇರೂರಿದ್ದು ಆಮೇಲೆ. ಜಯಮಂಗಲಿ ಹುಟ್ಟುವ ಬೆಟ್ಟದ ಬುಡದಲ್ಲಿ ಇದ್ದುಕೊಂಡೂ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ನಮ್ಮಂಥವರಿಗೆ ಈ ಪಾಠದ ಬೆಲೆ ಗೊತ್ತು. ಕಡಿಮೆ ನೀರಿನಲ್ಲಿ ಬಣ್ಣ ಹಾಕುವುದು, ಹೊರಬಂದ ನೀರನ್ನು ತಿಳಿಗೊಳಿಸುವುದು ಮುಂದಿನ ಪೀಳಿಗೆಯ ಜವಳಿ ತಜ್ಞರ ದೊಡ್ಡ ಕೆಲಸ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವರಿಗೂ ಇಲ್ಲಿ ಜಾಗವಿದೆ. ಮುಂಬೈಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಜವಳಿ ರಸಾಯನಶಾಸ್ತ್ರದ ಎಂ.ಎಸ್ಸಿ. ಇದೆ.

ಇನ್ನೊಂದು ಎಚ್ಚರಿಕೆ. 'ಫ್ಯಾಷನ್' ಎಂಬ ಫಲಕ ತೂಗುಹಾಕಿ ಒಂದೆರಡು ಕೋಣೆಯಲ್ಲಿ ನಡೆಯುವ ಸಂಸ್ಥೆಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಹಣ ಕಟ್ಟುವ ಮುನ್ನ ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಎಐಸಿಟಿಇ ಅಥವಾ ಯುಜಿಸಿ ಮಾನ್ಯತೆ ಇದೆಯೇ, ಮಗ್ಗ ಮತ್ತು ಪ್ರಯೋಗಾಲಯ ಕಣ್ಣಿಗೆ ಕಾಣುವಂತಿವೆಯೇ, ಹಿಂದಿನ ವರ್ಷ ಓದಿದವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ ಎಂಬ ನಾಲ್ಕು ಪ್ರಶ್ನೆ ಕೇಳಿ. ಕಾಗದದಲ್ಲಿ ಉತ್ತರ ಕೊಡದ ಕಡೆ ಮಗುವನ್ನು ಸೇರಿಸಬೇಡಿ. ಯಾವ ಕಾಲೇಜಿನಲ್ಲಿ ಯಾವ ವಿಭಾಗಕ್ಕೆ ಎಷ್ಟು ಸೀಟು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಪರೀಕ್ಷಾ ಪ್ರಾಧಿಕಾರ ಆಯಾ ವರ್ಷ ಪ್ರಕಟಿಸುವ ಪಟ್ಟಿಯನ್ನೇ ನಂಬಿ.

ತಾಯಂದಿರಿಗೆ ಒಂದು ಮಾತು

'ಗಾರ್ಮೆಂಟ್ಸಿಗೆ ಕಳಿಸೋದೇ?' ಎಂಬ ತಾಯಿಯ ಪ್ರಶ್ನೆಗೆ ಈಗ ಬರೋಣ. ಆ ಮಾತಿನ ಹಿಂದಿರುವುದು ತಿರಸ್ಕಾರವಲ್ಲ, ಅನುಭವ. ಬೆಳಗಿನ ಬಸ್ಸು, ಗಂಟೆಗಿಷ್ಟು ಪೀಸೆಂಬ ಲೆಕ್ಕ, ಬೆನ್ನುನೋವು ಇವನ್ನು ಕಂಡವರ ಮಾತು ಅದು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯುವ ನಿಯಮ ಬದಲಿಸಿದಾಗ ಬೆಂಗಳೂರಿನ ರಸ್ತೆಗಿಳಿದ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆಯುವಂತೆ ಮಾಡಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಇಡೀ ಉದ್ಯಮವನ್ನು ಹೊತ್ತಿರುವ ಕೈಗಳು ಅವು.

ಆದರೆ ಅದೇ ಕಾರ್ಖಾನೆಯೊಳಗೆ ಒಮ್ಮೆ ಕಣ್ಣಾಡಿಸಿ. ಹೊಲಿಗೆ ಯಂತ್ರದ ಮುಂದೆ ಸಾಲಾಗಿ ಕೂತವರು ಹೆಂಗಸರು, ಗಾಜಿನ ಕೋಣೆಯಲ್ಲಿ ಲೆಕ್ಕ ಬರೆಯುವವರು ಹೆಚ್ಚಾಗಿ ಗಂಡಸರು. ಇವರಿಬ್ಬರ ನಡುವಿನ ಗೋಡೆ ಬಹುಮಟ್ಟಿಗೆ ಓದಿನದು. ಒಂದು ಅಂಗಿಗೆ ಎಷ್ಟು ನಿಮಿಷ ಬೇಕು, ಒಂದು ಗಂಟೆಗೆ ಎಷ್ಟು ಪೀಸು ನ್ಯಾಯ, ಕುರ್ಚಿಯ ಎತ್ತರ ಎಷ್ಟಿರಬೇಕು, ಗಾಳಿ ಬೆಳಕು ಹೇಗಿರಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಆ ಕೋಣೆಯವರು. ಯಂತ್ರದ ಮುಂದೆ ಕೂತ ತಾಯಿಯ ಕಷ್ಟ ಬಲ್ಲ ಮಗಳೊಬ್ಬಳು ಬಿ.ಇ. ಅಥವಾ ಬಿ.ಎಫ್.ಟೆಕ್. ಮುಗಿಸಿ ಅಲ್ಲಿ ಕೂತರೆ ಆ ಲೆಕ್ಕ ಬೇರೆಯಾದೀತು. ಆದ್ದರಿಂದ ಮಗಳನ್ನು ಗಾರ್ಮೆಂಟ್ಸಿಗೆ ಕಳಿಸುವುದೇ ಎಂದು ಕೇಳುವ ಬದಲು, ಅಲ್ಲಿ ಯಾವ ಕುರ್ಚಿಗೆ ಕಳಿಸುವುದು ಎಂದು ಕೇಳಿಕೊಳ್ಳಿ.

ಜೇಡರ ದಾಸಿಮಯ್ಯ ನೇಯ್ಗೆಯ ಕಾಯಕ ಮಾಡುತ್ತಲೇ ವಚನ ಬರೆದ ನಾಡು ಇದು. ನೇಯುವವನ ವಿದ್ಯೆ ನಮ್ಮಲ್ಲಿ ಎಂದೂ ಕೀಳಾಗಿರಲಿಲ್ಲ. ಈ ಬಾರಿ ಸಿಇಟಿಯ ಆಯ್ಕೆಪಟ್ಟಿ ತುಂಬುವಾಗ ಕಂಪ್ಯೂಟರ್ ಕೆಳಗೆ ಇನ್ನಾವುದನ್ನು ಬರೆಯಲಿ ಎಂದು ಮಗು ಕೇಳಿದರೆ, 'ಬೇಡ' ಎನ್ನುವ ಮುನ್ನ ಒಂದು ಭಾನುವಾರ ಬಿಡುವು ಮಾಡಿಕೊಂಡು ಹತ್ತಿರದ ಒಂದು ಮಗ್ಗದ ಮನೆಯನ್ನೋ ಉಡುಪಿನ ಕಾರ್ಖಾನೆಯನ್ನೋ, ಸಾಧ್ಯವಾದರೆ ಕೆ.ಆರ್. ವೃತ್ತದ ಕಾಲೇಜನ್ನೋ ಮಗುವಿನೊಡನೆ ನೋಡಿ ಬನ್ನಿ. ಅಲ್ಲಿ ಕಲಿಯುತ್ತಿರುವ, ದುಡಿಯುತ್ತಿರುವ ಇಬ್ಬರನ್ನು ಮಾತನಾಡಿಸಿ. ಆಮೇಲೆ ಮಗುವಿನ ಒಲವು, ಮನೆಯ ಅನುಕೂಲ ಎರಡನ್ನೂ ತೂಗಿ ತೀರ್ಮಾನಿಸಿ.